ಗಂಗಣ್ಣನ ಪಾಟೀಸವಾಲು

ಗಂಗಣ್ಣ ದೋಸೆ ತಿಂದರೂ ಅದರ ವರದಿಯನ್ನು ಕೋರ್ಟಿನ ಹೇಳಿಕೆಯ ಭಾಷೆಯಲ್ಲೇ ಕೊಡುತ್ತಿದ್ದರು. ಚಾಮರಾಜಪೇಟೆಯ ನಮ್ಮ ಆಫೀಸಿನ ಎದುರು ಹೋಟೆಲಿನಲ್ಲಿ ಸಪ್ಲೈಯರ್ ಬಂದು "ಹೆಂಗಿತ್ತು ಸಾರ್?" ಅಂದರೆ, ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ, "ದೋಸೆ ಗರಿಗರಿಯಾಗಿತ್ತು ಎಂದರೆ ಸರಿ. ಚಟ್ನಿ ಇವತ್ತಿನದು ಎಂದರೆ ಸರಿಯಲ್ಲ" ಅನ್ನುತ್ತಿದ್ದರು. ಕಟ್ಟೆ ಹತ್ತಿದ ಸಾಕ್ಷಿ ಎದುರು ವಕೀಲರ ಪ್ರಶ್ನೆಗೆ ಹೂಂ ಅಂದರೂ ಉಹೂಂ ಅಂದರೂ ಅದು ಹಾಳೆಯ ಮೇಲೆ ಇಳಿಯುವುದು ಹೀಗೆಯೇ. ಮೂವತ್ತೊಂದು ವರ್ಷ ಅಂಥ ಹಾಳೆಗಳನ್ನು ಹೊತ್ತು, ಓದಿ, ತೂತು ಹೊಡೆದು, ದಾರ ಕಟ್ಟಿದ ಮನುಷ್ಯನ ಬಾಯಿಗೆ ಬೇರೆ ಭಾಷೆ ಬರುವುದಾದರೂ ಹೇಗೆ?

ಅವರು ನಮ್ಮ ಸೀನಿಯರ್ ವಕೀಲರ ಗುಮಾಸ್ತೆ. ಸೀನಿಯರ್ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಅವರ ಹೆಸರು ಬೇಕಾದಷ್ಟು ಬೋರ್ಡುಗಳ ಮೇಲಿದೆ, ಗಂಗಣ್ಣನ ಹೆಸರು ಒಂದರ ಮೇಲೂ ಇಲ್ಲ. ಇಷ್ಟು ಹಾಳೆಗಳಾದರೂ ಗಂಗಣ್ಣನ ಪಾಲಿಗಿರಲಿ. ಓದುವವರಿಗೆ ಇದರಲ್ಲಿ ಸಿಟ್ಟು ಜಾಸ್ತಿ ಅನ್ನಿಸಿದರೆ ನಾನು ಕ್ಷಮೆ ಕೇಳುವವಳಲ್ಲ. ಸಿಟ್ಟನ್ನು ನನಗೆ ಕಲಿಸಿದವರೇ ಅವರು.

ಸಣ್ಣ ಆಳು. ಬಿಳಿ ಅರ್ಧ ತೋಳಿನ ಷರ್ಟು, ಕಾಲರ್ ಒಳಗೆ ಮಡಿಸಿಟ್ಟ ಕರ್ಚೀಫು, ಹೆಗಲಿಗೆ ಹಸಿರು ಬಟ್ಟೆಯ ಚೀಲ. ಬೇರೆಯವರು ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡರೆ ಇವರು ಕಡತ ಕಟ್ಟುವ ಬಿಳಿ ದಾರ ಸಿಕ್ಕಿಸಿಕೊಳ್ಳುತ್ತಿದ್ದರು. ಮಾಗಡಿ ಕಡೆಯ ಹಳ್ಳಿಯಿಂದ ಹತ್ತನೇ ಕ್ಲಾಸು ಮುಗಿಸಿ ಬಂದವರು. ಇವತ್ತಿನ ಕೇಸಿನ ಪಟ್ಟಿ ಎಲ್ಲರ ಮೊಬೈಲಿಗೂ ಬರುವ ಕಾಲದಲ್ಲಿ ಅವರ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು. ಆದರೂ ಕೋರ್ಟ್ ಹಾಲಿನ ಬಾಗಿಲಲ್ಲಿ ಒಮ್ಮೆ ತಲೆ ಹಾಕಿ ನೋಡಿ, "ನಮ್ದು ಹನ್ನೆರಡೂವರೆಗೆ. ಹೋಗಿ ಕಾಫಿ ಕುಡ್ಕೊಂಡ್ ಬನ್ನಿ" ಅಂದರೆ ಹನ್ನೆರಡೂವರೆಗೇ ನಮ್ಮ ಕೇಸು ಕೂಗುತ್ತಿದ್ದರು.

ಕಡತದ ಅಂಚಿನಲ್ಲಿ ಅವರು ಪೆನ್ಸಿಲಿನಲ್ಲಿ ಸಣ್ಣದಾಗಿ ಏನೋ ಬರೆದಿಡುವ ರೂಢಿಯಿತ್ತು. 'ಸಹಿ ನೋಡಿ, ಒತ್ತಿ ಬರೆದಿದೆ.' 'ಇದೇ ಮಾತು ನಾಲ್ಕನೇ ಪುಟದಲ್ಲಿ ಬೇರೆ ಥರ ಇದೆ.' ನಮ್ಮ ಸೀನಿಯರ್ ಕಕ್ಷಿದಾರರ ಎದುರಿಗೆ ಕಡತ ಬಿಡಿಸಿ, ಕನ್ನಡಕ ಏರಿಸಿ, ಅದೇ ಈಗ ಹೊಳೆದವರಂತೆ, "ಈ ಸಹಿ ಒತ್ತಿ ಬರೆದಿದೆ, ಗಮನಿಸಿದ್ರಾ?" ಅನ್ನುತ್ತಿದ್ದರು. ಕಕ್ಷಿದಾರರು ದೇವರನ್ನು ನೋಡಿದಂತೆ ಅವರನ್ನು ನೋಡುತ್ತಿದ್ದರು. ಹಿಂದೆ ನಿಂತ ಗಂಗಣ್ಣ ಗೋಡೆ ನೋಡುತ್ತಿದ್ದರು. ಆಮೇಲೆ, "ಲೇ ಗಂಗ, ಇವರಿಗೆ ಕಾಫಿ ಹೇಳು." ತನಗಿಂತ ಎಂಟು ವರ್ಷ ದೊಡ್ಡವರನ್ನು 'ಲೇ' ಅನ್ನುವ ನಾಲಿಗೆ ಎಂಥದ್ದು ಅಂತ ನಾನು ದಿನವೂ ಉರಿದುಕೊಳ್ಳುತ್ತಿದ್ದೆ. ಉರಿದುಕೊಂಡು ಸುಮ್ಮನಿರುತ್ತಿದ್ದೆ. ಅದೇ ನನ್ನ ರೋಗ.

ಗಂಗಣ್ಣ ಹೊರಗಿನವರ ಎದುರಿಗೆ ನನ್ನನ್ನು 'ಮೇಡಂ' ಅನ್ನುತ್ತಿದ್ದರು, ಒಬ್ಬಳೇ ಇದ್ದಾಗ 'ತಾಯಿ'. ತಾಯಿ ಅಂತ ಕರೆದು ಬೈದಷ್ಟು ನಮ್ಮಪ್ಪನೂ ಬೈದಿಲ್ಲ. ಜೂನಿಯರ್ ವಕೀಲೆಯಾಗಿ ಸೇರಿದ ಮೊದಲನೇ ವಾರ ನಾನು ಕಟ್ಟಿದ ಕಡತವನ್ನು ಮೇಜಿನ ಮೇಲೆ ಎಸೆದು, "ಇದೇನ್ ತಾಯಿ, ಕಡತ ಕಟ್ಟಿದೀಯೋ ಸೊಪ್ಪಿನ ಕಟ್ಟು ಕಟ್ಟಿದೀಯೋ?" ಅಂದರು. ಮಾವಳ್ಳಿಯ ನಮ್ಮ ಮನೆಯಲ್ಲಿ ಬೆಳಗಿನ ಐದು ಗಂಟೆಗೆ ನಾನು ಕಟ್ಟಿ ಬರುತ್ತಿದ್ದದ್ದು ಸೊಪ್ಪಿನ ಕಟ್ಟನ್ನೇ. ಅಪ್ಪ ಅದನ್ನು ತಳ್ಳುಗಾಡಿಯಲ್ಲಿ ಜೋಡಿಸಿಕೊಂಡು ಬಸವನಗುಡಿಯ ರಸ್ತೆಗಳಲ್ಲಿ ಕೂಗುತ್ತಾ ಹೋಗುತ್ತಿದ್ದರು. ಆಫೀಸಿನಲ್ಲಿ ಮಾತ್ರ ನಮ್ಮ ತಂದೆಯದು 'ಬಿಸಿನೆಸ್' ಅಂತ ಹೇಳಿಕೊಂಡಿದ್ದೆ. ಗಂಗಣ್ಣನಿಗೆ ಗೊತ್ತಾಯಿತೇನೋ ಅಂತ ಮುಖ ನೋಡಿದೆ. ಅವರು ಆಗಲೇ ಗಂಟು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದರು.

ನನ್ನ ಮೊದಲ ವಿಚಾರಣೆ ಜಯಮ್ಮನದು. ನಮ್ಮ ಮಾವಳ್ಳಿಯವರೇ, ಗಂಡ ತೀರಿಹೋಗಿದ್ದ ಹೆಂಗಸು. ಎರಡು ಕೋಣೆಯ ಮನೆಯಲ್ಲಿದ್ದುಕೊಂಡು, ಸೊಂಟ ಮುರಿದು ಮಲಗಿದ್ದ ಮಾವನನ್ನು ಎಂಟು ತಿಂಗಳು ಎತ್ತಿ ಇಳಿಸಿ ನೋಡಿಕೊಂಡಿದ್ದರು. ಮಾವ ಹೋದ ಮೇಲೆ ಮೈದುನ ಒಂದು ವಿಲ್ ತಂದು ತೋರಿಸಿದ. ಮನೆಯೆಲ್ಲಾ ತನಗೇ ಬರೆದಿದ್ದಾರೆ, ಅತ್ತಿಗೆಯನ್ನು ಹೊರಗೆ ಹಾಕಿಸಿ ಅಂತ ದಾವೆ ಹೂಡಿದ. ಮುದುಕರು ವಿಲ್ಲಿಗೆ ಸಹಿ ಮಾಡಿದ್ದನ್ನು ಕಣ್ಣಾರೆ ಕಂಡೆ ಅಂತ ಸಾಕ್ಷಿ ಹೇಳಿದವನು ಚಿಕ್ಕಪೇಟೆಯ ಒಬ್ಬ ಬಟ್ಟೆ ವ್ಯಾಪಾರಿ, ಮೈದುನನ ಗೆಳೆಯ. ಆ ಮನುಷ್ಯನ ಮಾತು ಮುರಿದರೆ ಜಯಮ್ಮನಿಗೆ ಮನೆ ಉಳಿಯುತ್ತದೆ. ಮುರಿಯದಿದ್ದರೆ ಬೀದಿ. ಮುರಿಯಲು ಇರುವ ದಾರಿ ಒಂದೇ, ಪಾಟೀಸವಾಲು. ಅವನ ಮಾತನ್ನು ಅವನ ಬಾಯಿಂದಲೇ ಕೆಡವುವಂತೆ ಎದುರು ನಿಂತು ಪ್ರಶ್ನೆ ಕೇಳುವುದು.

"ನೀನೇ ಮಾಡು," ಅಂದರು ಸೀನಿಯರ್, ಹದಿನೈದು ದಿನ ಮುಂಚೆ, ಫೋನಿನಲ್ಲಿ ಏನೋ ನೋಡುತ್ತಾ. ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಕನ್ನಡಿ ಮುಂದೆ ನಿಂತು ಕೇಳಿ ನೋಡಿಕೊಂಡರೆ ಎರಡನೇ ಪ್ರಶ್ನೆಗೇ ಗಂಟಲು ಕಟ್ಟುತ್ತಿತ್ತು. ಕೈಯಲ್ಲಿದ್ದ ಹಾಳೆ ಅಲ್ಲಾಡಿ ಪಟಪಟ ಸದ್ದು ಮಾಡುತ್ತಿತ್ತು. ಗಂಗಣ್ಣ ಅದನ್ನು ಒಂದು ದಿನ ನೋಡಿದರು. ಕಪಾಟಿನಿಂದ ಇಟ್ಟಿಗೆಯಷ್ಟು ತೂಕದ ಕಾನೂನು ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟು, ಪ್ರಶ್ನೆಗಳ ಹಾಳೆಯನ್ನು ಅದರ ಮೇಲಿಟ್ಟರು.

"ಈಗ ಅಲ್ಲಾಡ್ಸು ನೋಡೋಣ."

ಅಲ್ಲಾಡಲಿಲ್ಲ.

"ಹಗುರ ಕಾಗದ ಕೈಲಿ ಹಿಡ್ಕೊಂಡು ನಿಂತ್ಕೊಂಡ್ರೆ ಇಡೀ ಹಾಲ್‌ಗೆ ನಿನ್ ಭಯ ಕೇಳ್ಸುತ್ತೆ ತಾಯಿ. ತೂಕದ್ದು ಹಿಡ್ಕೋ. ಒಳಗೆ ಏನಿದೆ ಅಂತ ಯಾರೂ ಕೇಳಲ್ಲ."

ಆಮೇಲೆ ದಿನಾ ಮಧ್ಯಾಹ್ನ, ಸೀನಿಯರ್ ಊಟಕ್ಕೆ ಹೋದಾಗ, ಗಂಗಣ್ಣ ಮರದ ಸ್ಟೂಲಿನ ಮೇಲೆ ಕೂತು ಬಟ್ಟೆ ವ್ಯಾಪಾರಿಯಾಗುತ್ತಿದ್ದರು. ಎಂಥಾ ಸುಳ್ಳುಗಾರ! ಆ ಮುಖ ನೋಡಿದರೆ ಮುದುಕರು ನಿಜವಾಗಿಯೂ ಸಹಿ ಮಾಡಿರಬೇಕು ಅನ್ನಿಸುತ್ತಿತ್ತು. ನಾನು ನೇರವಾಗಿ, "ಅವರು ಸಹಿ ಮಾಡಿದ್ದನ್ನ ನೀವು ನೋಡಿಲ್ಲ ಅಲ್ವಾ?" ಅಂತ ಕೇಳಿದರೆ ಸ್ಟೂಲಿನಿಂದ ಎದ್ದುಬಿಡುತ್ತಿದ್ದರು. "ತಲೆ ಇದೆಯಾ? ಅದನ್ನ ಅವ್ನು ಆರು ತಿಂಗ್ಳಿಂದ ಬಾಯಿಪಾಠ ಮಾಡಿರ್ತಾನೆ. ಸುಳ್ಳು ಹೇಳೋನು ದೊಡ್ಡ ಮಾತು ಕಲ್ತ್ಕೊಂಡ್ ಬರ್ತಾನೆ, ಸಣ್ಣ ಮಾತು ಕಲ್ತಿರಲ್ಲ. ಬಾಗ್ಲು ಯಾವ ಕಡೆ ಇತ್ತು ಕೇಳು. ಕಾಫಿ ಯಾರು ತಂದ್ರು ಕೇಳು. ಅವ್ನು ಬಾಯಿ ಬಿಟ್ಕೊಂಡು ಮಾತಾಡ್ಲಿ. ಬೇಕಾದ್ದು ಬಿದ್ದ ತಕ್ಷಣ ಕೂತ್ಕೊಂಡ್ಬಿಡು. ಕೂತ್ಕೊಳೋದು ಕಲೀದೇ ಕೆಟ್ಟ ಲಾಯರ್‌ಗಳನ್ನ ನಾನು ಲಾರಿಗಟ್ಲೆ ನೋಡಿದೀನಿ."

ಇನ್ನೊಂದು ಪಾಠ ಜಯಮ್ಮನ ವಿಷಯಕ್ಕೆ ಬಂತು. ನಮ್ಮ ಕಡೆಯಿಂದ ಅವರೂ ಮುಂದೆ ಕಟ್ಟೆ ಹತ್ತಬೇಕಿತ್ತು. ಗಾಬರಿಯಾಗಿ ತಪ್ಪು ಹೇಳಿಬಿಟ್ಟರೆ ನಾವು ತಿರುಗಿ ಬಿಡಿಸಿ ಕೇಳಬಹುದಾ ಅಂತ ನಾನು ಕೇಳಿದೆ.

"ನಮ್ಮ ಸಾಕ್ಷಿಗೆ ನಾವೇ ಪಾಟೀಸವಾಲು ಹಾಕೋ ಹಾಗಿಲ್ಲ. ನಮ್ಮೋರು ಏನ್ ಹೇಳಿದ್ರೂ ನುಂಗ್ಕೋಬೇಕು."

"ನಮಗೇ ತಿರುಗಿಬಿದ್ರೆ?"

"ಆಗ ಎದ್ದು ನಿಂತು ಜಡ್ಜಿಗೆ ಹೇಳ್ಬೇಕು, ಸ್ವಾಮಿ, ಇವ್ರು ಇನ್ಮೇಲೆ ನಮ್ಮೋರಲ್ಲ ಅಂತ. ಅಷ್ಟು ಬಾಯ್ಬಿಟ್ಟು ಹೇಳಿದ್ ಮೇಲೇನೇ ಅಪ್ಪಣೆ." ದಾರ ಹಲ್ಲಲ್ಲಿ ಕಚ್ಚಿ ಕತ್ತರಿಸಿದರು. "ನಾನು ನೋಡಿರೋ ಹಾಗೆ ಬಹಳ ಜನಕ್ಕೆ ಅದನ್ನ ಹೇಳೋಕೆ ಬಾಯಿ ಬರಲ್ಲ."

ವಿಚಾರಣೆಯ ಹಿಂದಿನ ದಿನ ಸಂಜೆ ಸೀನಿಯರ್ ವಿಚಾರಣೆ ಮುಂದೂಡಲು ಕೇಳುವ ಒಂದು ಅರ್ಜಿಗೆ ಸಹಿ ಹಾಕಿ ಗಂಗಣ್ಣನ ಕಡೆ ತಳ್ಳಿದರು. "ನಾಳೆ ಟೈಮ್ ತಗೊಳ್ಳಿ. ಮುಂದಿನ ಸಲ ನಾನೇ ಮಾಡ್ತೀನಿ. ಈ ಹುಡುಗಿ ಮುಖ ನೋಡಿದ್ರೆ ಹಾಲ್‌ನಲ್ಲೇ ಬಿದ್ದ್ ಹೋಗೋ ಹಾಗಿದಾಳೆ." ಹಿಂದಿನ ತಾರೀಖಿಗೆ ನ್ಯಾಯಾಧೀಶರು ಇದೇ ಕೊನೇ ಅವಕಾಶ ಅಂತ ಬರೆಸಿದ್ದರು. ಈಗ ಟೈಮ್ ಕೇಳಿದರೆ ಅರ್ಜಿ ತಳ್ಳಿಹಾಕಿ 'ಪಾಟೀಸವಾಲು ಇಲ್ಲ' ಅಂತ ಬರೆದು ಬಾಗಿಲು ಮುಚ್ಚುತ್ತಾರೆ. ಬಟ್ಟೆ ವ್ಯಾಪಾರಿಯ ಮಾತೇ ವೇದವಾಗುತ್ತದೆ. ಗಂಗಣ್ಣ ಅದನ್ನು ಹೇಳಿದರು. "ನನ್ನ ಹೆಸರು ನೋಡಿ ಕೊಡ್ತಾರೆ ಕಣೋ, ನಿನಗೇನ್ ಗೊತ್ತು?" ಅಂದರು ಸೀನಿಯರ್.

ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ಹದಿನೈದು ದಿನದ ಕಲ್ಲು ಎದೆಯಿಂದ ಇಳಿದಂತಾಯಿತು, ಹೊಟ್ಟೆ ಹಸಿಯಿತು. ಗಂಗಣ್ಣ ಆ ಸಮಾಧಾನವನ್ನು ನನ್ನ ಮುಖದಲ್ಲಿ ಓದಿಕೊಂಡರು. ಅವರು ನನ್ನನ್ನು ಅಷ್ಟು ಸಿಟ್ಟಿನಿಂದ ನೋಡಿದ್ದು ಅದೇ ಮೊದಲು. "ನಾಳೆ ಹತ್ತು ಗಂಟೆಗೆ ಬಾ," ಅಂದರು. "ಟೈಮ್ ಕೇಳೋಕೆ ಹನ್ನೊಂದಕ್ಕೆ ಬಂದ್ರೆ ಸಾಲ್ದಾ?" ಅಂದೆ. ಅವರು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟರು.

ಹತ್ತು ಗಂಟೆಗೆ ಕೋರ್ಟ್ ಹಾಲು ಖಾಲಿ. ಅಟೆಂಡರ್ ಫ್ಯಾನ್ ಹಾಕಿ, ಗಂಗಣ್ಣನಿಗೆ ತಲೆ ಆಡಿಸಿ ಹೊರಗೆ ಹೋದ. ಗಂಗಣ್ಣ ನನಗೆ ಸಾಕ್ಷಿಕಟ್ಟೆ ತೋರಿಸಿ, "ಹತ್ತು" ಅಂದರು. ಮೂರು ಕಡೆ ಮರದ ಕಂಬಿಯಿರುವ, ಒಬ್ಬರು ನಿಲ್ಲುವಷ್ಟು ಜಾಗ. ತಮಾಷೆಗೆ ಅಂದುಕೊಂಡು ಹತ್ತಿದೆ. ಅವರು ವಕೀಲರು ನಿಲ್ಲುವ ಜಾಗದಲ್ಲಿ ನಿಂತರು.

"ನಿಮ್ಮ ತಂದೆ ಏನ್ ಕೆಲಸ ಮಾಡ್ತಾರೆ?"

"ಬಿಸಿನೆಸ್."

"ಅಂಗಡಿ ಎಲ್ಲಿದೆ?"

"ಬಸವನಗುಡಿ ಕಡೆ."

"ಯಾವ ರಸ್ತೆ?"

"ಅಂದ್ರೆ... ಎರಡು ಮೂರು ರಸ್ತೆ ಇದೆ."

"ಒಂದು ಅಂಗಡಿ ಮೂರು ರಸ್ತೆಲಿರುತ್ತಾ? ಹಾಗಾದ್ರೆ ನಿಮ್ಮ ತಂದೆ ಅಂಗಡಿಗೆ ಚಕ್ರ ಇದೆ ಎಂದರೆ ಸರಿಯಾ?"

ನಾನು ಕಂಬಿ ಹಿಡಿದುಕೊಂಡೆ. ಅಂಗೈ ಬೆವರಿತ್ತು.

"ಕೇಳ್ಸಲಿಲ್ವಾ ಮೇಡಂ? ನಿಮ್ಮನ್ನ ಓದಿಸಿ ಈ ಕೋಟು ಹಾಕಿಸಿದ ಮನುಷ್ಯನ ಕೆಲಸ ಹೇಳ್ಕೊಳೋಕೆ ನಿಮಗೆ ನಾಚಿಕೆ ಎಂದರೆ ಸರಿಯಾ?"

"ಸೊಪ್ಪು ಮಾರ್ತಾರೆ!" ಅಂತ ಕಿರುಚಿದೆ. "ಗಾಡೀಲಿ ಸೊಪ್ಪು ಮಾರ್ತಾರೆ, ಏನೀಗ? ನಿಮಗ್ಯಾಕೆ ಅದೆಲ್ಲಾ? ನಾನು ಏನಾದ್ರೂ ಹೇಳ್ಕೋತೀನಿ, ನೀವ್ಯಾರು ಕೇಳೋಕೆ?"

ನನ್ನ ದನಿ ಛಾವಣಿಗೆ ಬಡಿದು ವಾಪಸ್ಸು ಬಂತು. ಹೊರಗಿದ್ದ ಅಟೆಂಡರ್ ಬಾಗಿಲು ತೆಗೆದು ನೋಡಿದ. ನಾನು ಅಳುತ್ತಿದ್ದೆ, ಮತ್ತು ಅವರ ಕಾಲರ್ ಹಿಡಿದು ಎಳೆಯುವಷ್ಟು ಸಿಟ್ಟಿನಲ್ಲಿದ್ದೆ. ಗಂಗಣ್ಣ ನಕ್ಕರು.

"ಬಂತಲ್ಲ ಗಂಟ್ಲು. ನಿಮ್ಮಪ್ಪ ಬೀದಿ ತುದೀಲಿ ದಂಟು ಸೊಪ್ಪು ಅಂದ್ರೆ ಮೂರನೇ ಮಹಡಿಯೋರು ಬುಟ್ಟಿ ಇಳಿಸ್ತಾರೆ, ನಾನೇ ನೋಡಿದೀನಿ. ಅವ್ರ ಮಗ್ಳಿಗೆ ದನಿ ಇಲ್ವಂತೆ!" ಕಾಲರಿನ ಕರ್ಚೀಫು ತೆಗೆದು ಕೊಟ್ಟರು. "ಭಯ ಹಳೇ ಬಾಡಿಗೆದಾರ ಇದ್ದಂಗೆ ತಾಯಿ, ಹೋಗು ಅಂದ್ರೆ ಹೋಗಲ್ಲ. ಸಿಟ್ಟನ್ನ ತಂದು ಪಕ್ಕದಲ್ಲಿ ಕೂರಿಸ್ಬೇಕು, ಅದೇ ಜಾಗ ಬಿಡಿಸ್ಕೊಳುತ್ತೆ. ಆದ್ರೆ ಸಾಕ್ಷಿ ಮೇಲೆ ಸಿಟ್ಟಾಗ್ಬೇಡ, ಸುಳ್ಳಿನ ಮೇಲೆ ಆಗು. ಅವ್ನೂ ಅಲ್ಲಿ ನಿಂತಾಗ ನಿನ್ನ ಹಾಗೇ ಬೆವರ್ತಾನೆ. ಬೆವರು ಹೆಂಗಿರುತ್ತೆ ಅಂತ ಈಗ ನಿನಗೆ ಗೊತ್ತಾಯ್ತಲ್ಲ."

ಹನ್ನೊಂದೂವರೆಗೆ ಕೇಸು ಕೂಗಿದರು. ಟೈಮ್ ಕೇಳೋಣ ಅಂತ ನಾನು ಹಿಂದಕ್ಕೆ ಕೈ ಚಾಚಿದೆ. "ಅರ್ಜಿ ಕೊಡಿ ಗಂಗಣ್ಣ."

"ತರೋದು ಮರ್ತೆ," ಅಂದರು.

ಹಸಿರು ಚೀಲದ ಬಾಯಿಂದ ಅದರ ತುದಿ ಕಾಣುತ್ತಿತ್ತು. ಸೀನಿಯರ್ ಸಹಿಯ ಬಾಲವೂ ಕಾಣುತ್ತಿತ್ತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ನ್ಯಾಯಾಧೀಶರು, "ಪಾಟೀಸವಾಲು ಉಂಟೋ ಇಲ್ಲವೋ?" ಅಂದರು. ಗಂಗಣ್ಣ ಆ ಇಟ್ಟಿಗೆ ಪುಸ್ತಕವನ್ನು ನನ್ನ ಕೈಗಿಟ್ಟರು.

ಮೊದಲ ಎರಡು ಪ್ರಶ್ನೆ ಏನು ಕೇಳಿದೆನೋ ನೆನಪಿಲ್ಲ. ಮೂರನೆಯದಕ್ಕೆ ಬಟ್ಟೆ ವ್ಯಾಪಾರಿ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡ. ಅದನ್ನು ಕಂಡದ್ದೇ ನನ್ನ ಕಾಲು ನೆಲಕ್ಕೆ ಊರಿತು. ವಿಲ್ಲಿಗೆ ಸಹಿ ಎಲ್ಲಾಯಿತು? ಚಿಕ್ಕಪೇಟೆಯ ಒಂದು ಟೈಪಿಂಗ್ ಅಂಗಡಿಯಲ್ಲಿ. ಎಷ್ಟನೇ ಮಹಡಿ? ಎರಡನೇ ಮಹಡಿ. ಲಿಫ್ಟ್ ಇತ್ತೋ? ಇಲ್ಲ, ಹಳೇ ಕಟ್ಟಡ. ಕಾಫಿ ತರಿಸಿದ್ದು ಯಾರು? ನಾನೇ ತರಿಸಿದೆ. ವಯಸ್ಸಾದವರಲ್ಲವೇ, ಮೆಟ್ಟಿಲು ಹತ್ತಿಸಿದ್ದು ಯಾರು?

"ಯಾರೂ ಹತ್ತಿಸ್ಲಿಲ್ಲ," ಅಂದ. ಉತ್ಸಾಹ ಬಂದುಬಿಟ್ಟಿತ್ತು ಅವನಿಗೆ. "ಅವರೇ ಟಕಟಕ ಹತ್ತಿದ್ರು. ಗಟ್ಟಿ ಮನುಷ್ಯ."

ವಿಲ್ಲಿನ ತಾರೀಖಿಗೆ ಹದಿನೈದು ದಿನ ಮೊದಲೇ ಆ ಗಟ್ಟಿ ಮನುಷ್ಯನ ಸೊಂಟ ಮುರಿದಿತ್ತು. ಎದ್ದು ನಿಲ್ಲುವ ಹಾಗಿಲ್ಲ ಅಂತ ಬರೆದ ಆಸ್ಪತ್ರೆಯ ಕಾಗದ ಆಗಲೇ ಕೋರ್ಟಿನ ಕಡತದಲ್ಲಿತ್ತು. ನಾನು ಅವನನ್ನು ಅಲ್ಲೇ ಹಿಡಿದು ಜಗ್ಗಬೇಕು ಅಂತ ಬಾಯಿ ತೆರೆದೆ. ಹಿಂದಿನಿಂದ ಯಾರೋ ನನ್ನ ಗೌನಿನ ಚುಂಗನ್ನು ಬಲವಾಗಿ ಎಳೆದರು. ಕೂತೆ. ತಿರುಗಿ ನೋಡಿದರೆ ಗಂಗಣ್ಣ ಏನೂ ಗೊತ್ತಿಲ್ಲದವರಂತೆ ಗೋಡೆ ಗಡಿಯಾರ ನೋಡುತ್ತಿದ್ದರು.

ಇಲ್ಲಿಗೆ ಮುಗಿದಿದ್ದರೆ ಇದು ಒಳ್ಳೆಯ ಕಥೆ. ನನಗೂ ಇಲ್ಲಿಗೇ ನಿಲ್ಲಿಸಲು ಆಸೆ.

ಅವತ್ತೇ ಸಂಜೆ ಆಫೀಸಿನಲ್ಲಿ ಸೀನಿಯರ್ ಕೇಳಿದರು. "ಅರ್ಜಿ ಏನಾಯ್ತೋ?"

ಗಂಗಣ್ಣ ಚೀಲದಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟರು. "ಕೊಟ್ಟಿಲ್ಲ ಸರ್. ಕೊಟ್ಟಿದ್ರೆ ವಜಾ ಆಗ್ತಿತ್ತು. ಸುಮಾ ಮೇಡಂ ರೆಡಿ ಇದ್ರು. ಚೆನ್ನಾಗಿ ಮಾಡಿದ್ರು ಸರ್."

"ಚೆನ್ನಾಗಿ ಮಾಡಿದ್ದು ಕೆಟ್ಟದಾಗಿ ಮಾಡಿದ್ದು ಆಮೇಲೆ. ನಾನ್ ಏನ್ ಹೇಳಿದ್ದೆ? ಈ ಆಫೀಸಲ್ಲಿ ಲಾಯರ್ ಯಾರು, ನಾನಾ, ನೀನಾ?" ಹೊರಗಿನ ಬೆಂಚಿನಲ್ಲಿ ಕೂತಿದ್ದ ಕಕ್ಷಿದಾರರಿಗೆಲ್ಲಾ ಕೇಳಿಸುವ ಹಾಗೆ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ ಇದು ಚೀಲದಲ್ಲಿರೋದು?"

ಗಂಗಣ್ಣನಿಗೆ ಬೇಕಿದ್ದದ್ದು ನನ್ನ ಒಂದು ಮಾತು. ಹೌದು ಸರ್, ನೋಡಿದ್ದೆ, ಗಂಗಣ್ಣ ಮಾಡಿದ್ದೇ ಸರಿ. ಇಷ್ಟು ಹೇಳಿದ್ದರೆ ಏನಾಗುತ್ತಿತ್ತು? ಫ್ಯಾನ್ ಕೆಳಗಿನ ನನ್ನ ಕುರ್ಚಿ ಹೋಗುತ್ತಿತ್ತು. ಸೊಪ್ಪಿನವನ ಮಗಳಿಗೆ ಇನ್ನೊಂದು ಆಫೀಸು ಸಿಗುವುದು ತಡವಾಗುತ್ತಿತ್ತು. ಅಷ್ಟೇ. ಬೆಳಿಗ್ಗೆ ಛಾವಣಿಗೆ ಬಡಿದ ದನಿ ಸಂಜೆಗೆ ಎಲ್ಲಿ ಹೋಗಿತ್ತೋ.

"ಇಲ್ಲ ಸರ್," ಅಂದೆ. "ಮರ್ತು ಬಂದಿದೀನಿ ಅಂದ್ರು."

"ಓಹೋ. ಜೂನಿಯರ್‌ಗೂ ಸುಳ್ಳು ಹೇಳಿದೀಯಾ! ನಾಳೆಯಿಂದ ಬರ್ಬೇಡ."

ಗಂಗಣ್ಣ ನನ್ನನ್ನು ನೋಡಿದರು. ಐದು ಪ್ರಶ್ನೆಯಲ್ಲಿ ನನ್ನ ಸುಳ್ಳು ಮುರಿದವರು. ಈಗ ಮೂರೇ ಸಾಕಿತ್ತು. ಎಲ್ಲಿ ಕೂತಿದ್ದೆ, ಚೀಲ ಎಲ್ಲಿತ್ತು, ಕೈ ಯಾಕೆ ಚಾಚಿದೆ. ನಾನು ಡೈರಿಯ ಹಾಳೆಯನ್ನು ದಿಟ್ಟಿಸುತ್ತಾ ಕಾದೆ. ಅವರು ಏನೂ ಕೇಳಲಿಲ್ಲ. ಅರ್ಧ ಕಟ್ಟಿ ಬಿಟ್ಟಿದ್ದ ಒಂದು ಕಡತವನ್ನು ಪೂರ್ತಿ ಕಟ್ಟಿದರು. ಕಿವಿಯ ಮೇಲಿನ ದಾರ ತೆಗೆದು ಕಪಾಟಿನಲ್ಲಿಟ್ಟರು. ಹಸಿರು ಚೀಲ ಆಫೀಸಿನದು. ಅದನ್ನು ಖಾಲಿ ಮಾಡಿ ಮಡಿಸಿ ಕುರ್ಚಿಯ ಮೇಲಿಟ್ಟು, "ಬರ್ತೀನಿ ಸರ್" ಅಂದು ಹೋದರು. ಮೂವತ್ತೊಂದು ವರ್ಷದ ಮನುಷ್ಯ ಹೋಗಲು ಹಿಡಿದದ್ದು ಎರಡು ನಿಮಿಷ.

ಆ ಆಫೀಸಿನಲ್ಲಿ ನಾನು ಆಮೇಲೂ ಉಳಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕಡತಗಳ ಅಂಚುಗಳು ಖಾಲಿ ಬಿದ್ದವು. ಸೀನಿಯರ್ ಕನ್ನಡಕ ಏರಿಸಿ, ಪುಟ ತಿರುಗಿಸಿ, ಹೊಳೆಯಬೇಕಾದ್ದು ಹೊಳೆಯದೆ, ನನ್ನ ಮೇಲೆ ರೇಗುತ್ತಿದ್ದರು. ಒಂದೆರಡು ಸಲ ಗಂಗಣ್ಣನಿಗೆ ಫೋನ್ ಮಾಡಲು ನಂಬರ್ ತೆಗೆದೆ. ಏನು ಹೇಳುವುದು ಅಂತ ತಿಳಿಯದೆ ಇಟ್ಟೆ.

ಏಳು ತಿಂಗಳ ಮೇಲೆ ತೀರ್ಪು ಬಂತು. ಮೆಟ್ಟಿಲು ಹತ್ತಿದ ಮಾತನ್ನು ನ್ಯಾಯಾಧೀಶರು ಪುಟಗಟ್ಟಲೆ ಬರೆದು ಮೈದುನನ ದಾವೆ ವಜಾ ಮಾಡಿದರು. ಜಯಮ್ಮ ಸ್ಟೀಲ್ ಡಬ್ಬಿಯಲ್ಲಿ ಒಬ್ಬಟ್ಟು ಮಾಡಿಕೊಂಡು ಆಫೀಸಿಗೆ ಬಂದರು. ಸೀನಿಯರ್ ಕಾಲಿಗೆ ಬಿದ್ದರು. ಸೀನಿಯರ್ ಬೀಳಿಸಿಕೊಂಡರು. ಜಯಮ್ಮ ನನ್ನ ಹತ್ತಿರ ಬಂದು, "ಆ ಇನ್ನೊಬ್ರು ಎಲ್ಲಮ್ಮ, ಕಿವಿ ಮೇಲೆ ದಾರ ಇಟ್ಕೋತಿದ್ರಲ್ಲ?" ಅಂದರು. ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡು ಹೊರಟೆ.

ಗಂಗಣ್ಣ ಒಂದು ರಿಜಿಸ್ಟ್ರೇಷನ್ ಆಫೀಸಿನ ಎದುರು, ಫುಟ್‌ಪಾತಿನಲ್ಲಿ, ಮಡಚುವ ಮೇಜು ಹಾಕಿಕೊಂಡು ಬಂದವರಿಗೆ ಅರ್ಜಿ ತುಂಬಿಕೊಡುತ್ತಿದ್ದಾರೆ ಅಂತ ಕೇಳಿದ್ದೆ. ಅಲ್ಲೇ ಇದ್ದರು. ಇನ್ನೂ ಸಣ್ಣಗಾಗಿದ್ದರು. ನನ್ನನ್ನು ಕಂಡು ಎದ್ದು ನಿಂತು, "ಬನ್ನಿ ಮೇಡಂ, ಕೂತ್ಕೊಳಿ" ಅಂತ ಇದ್ದ ಒಂದೇ ಸ್ಟೂಲನ್ನು ನನ್ನ ಕಡೆ ತಳ್ಳಿದರು. ಸುತ್ತ ಯಾರೂ ಇರಲಿಲ್ಲ. ಆದರೂ ಮೇಡಂ ಅಂದರು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ತೀರ್ಪಿನ ವಿಷಯ ಹೇಳಿದೆ. ಒಬ್ಬಟ್ಟು ಕೊಟ್ಟೆ. ನಿಧಾನವಾಗಿ ತಿಂದರು.

"ಒಬ್ಬಟ್ಟು ಚೆನ್ನಾಗಿದೆ ಎಂದರೆ ಸರಿ," ಅಂದರು. "ತುಪ್ಪ ಸಾಕಷ್ಟಿದೆ ಎಂದರೆ ಸರಿಯಲ್ಲ."

ನನಗೆ ತಡೆಯಲಾಗಲಿಲ್ಲ. "ಗಂಗಣ್ಣ, ಅವತ್ತು ನಾನು ಸುಳ್ಳು ಹೇಳ್ದೆ."

"ಗೊತ್ತಲ್ಲ."

"ಮತ್ತೆ ಯಾಕೆ ಬಿಟ್ರಿ? ಮೂರು ಪ್ರಶ್ನೆ ಕೇಳಿದ್ರೆ ಸಾಕಿತ್ತು. ನಿಮಗೆ ಬರ್ತಿರ್ಲಿಲ್ವಾ? ನನ್ನನ್ನ ಬೈಬೇಕಿತ್ತು ನೀವು! ಈಗ್ಲೂ ಬೈತಿಲ್ಲ. ಮೇಡಂ ಅಂತೆ, ಮೇಡಂ!" ನನಗೆ ಅವರ ಮೇಲೇ ಸಿಟ್ಟು ಉಕ್ಕಿ ಬಂದಿತ್ತು. ಸೀನಿಯರ್ ಮೇಲೆ ಬಾರದ ಸಿಟ್ಟು, ನನ್ನ ಮೇಲೆ ಬರಬೇಕಾಗಿದ್ದ ಸಿಟ್ಟು, ಎಲ್ಲ ಸೇರಿ ಆ ಸಣ್ಣ ಮನುಷ್ಯನ ಮೇಲೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

ಗಂಗಣ್ಣ ಕೈ ಒರೆಸಿಕೊಂಡರು. "ಗಂಟ್ಲು ಇನ್ನೂ ಚೆನ್ನಾಗೇ ಇದೆ. ನಮ್ಮ ಸಾಕ್ಷಿಗೆ ನಾವೇ ಪಾಟೀಸವಾಲು ಹಾಕ್ಬೇಕಂದ್ರೆ ಮೊದ್ಲು ಏನ್ ಹೇಳ್ಬೇಕು? ಹೇಳು. ಕಲ್ಸಿದೀನಲ್ಲ."

ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ಇವ್ಳು ಇನ್ಮೇಲೆ ನಮ್ಮೋಳಲ್ಲ ಅಂತ ಹೇಳ್ಬೇಕು," ಅಂದರು. "ನನಗೆ ಅದು ಹೇಳೋಕೆ ಬಾಯಿ ಬರ್ಲಿಲ್ಲ ತಾಯಿ."

ಅಷ್ಟರಲ್ಲಿ ಯಾರೋ ಅರ್ಜಿ ಹಿಡಿದು ಬಂದರು. ಗಂಗಣ್ಣ ಕನ್ನಡಕ ಹಾಕಿಕೊಂಡು ಅವರ ಹೆಸರು, ತಂದೆಯ ಹೆಸರು ಕೇಳತೊಡಗಿದರು. ನಾನು ಖಾಲಿ ಡಬ್ಬಿ ತೆಗೆದುಕೊಂಡು ಎದ್ದು ಬಂದೆ.

ಎರಡು ತಿಂಗಳಿಗೆ ಅವರು ಹೋದ ಸುದ್ದಿ ಬಂತು. ಗೊತ್ತಾದಾಗ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ವಕೀಲರ ಕೊಠಡಿಯಲ್ಲಿ ನಮ್ಮ ಸೀನಿಯರ್ ಟೀ ಕುಡಿಯುತ್ತಾ ನಾಲ್ಕು ಜನರ ಎದುರು, "ನಮ್ಮ ಗಂಗ ಅಪ್ಪಟ ಚಿನ್ನದಂಥ ಮನುಷ್ಯ ಕಣ್ರೀ, ಮನೆಯವನ ಹಾಗಿದ್ದ" ಅಂದರು. ನಾನು ಎದ್ದು ನಿಂತೆ. ಕೈಯಲ್ಲಿ ತೂಕದ ಪುಸ್ತಕ ಇರಲಿಲ್ಲ, ಕೈ ನಡುಗುತ್ತಿತ್ತು, ನಡುಗಲಿ ಅಂತ ಬಿಟ್ಟೆ.

"ಸರ್, ಅವತ್ತು ಅರ್ಜಿ ಚೀಲದಲ್ಲಿದ್ದದ್ದು ನನಗೆ ಗೊತ್ತಿತ್ತು. ಗಂಗಣ್ಣ ನಿಮಗೆ ಸುಳ್ಳು ಹೇಳ್ಲಿಲ್ಲ, ನಾನ್ ಹೇಳ್ದೆ."

ಅವರು ಟೀ ಲೋಟ ಇಳಿಸಿ ನನ್ನನ್ನು ನೋಡಿದರು. ನಿಜವಾಗಿಯೂ ಯೋಚಿಸಿದರು, ಪಾಪ.

"ಯಾವ ಅರ್ಜಿ?" ಅಂದರು.

ಅವತ್ತೇ ಆ ಆಫೀಸು ಬಿಟ್ಟೆ. ಈಗ ನನ್ನದೇ ಒಂದು ಕೋಣೆಯಿದೆ, ಮಾವಳ್ಳಿಯಲ್ಲೇ. ಭಯ ಖಾಲಿ ಮಾಡಿಲ್ಲ. ಪ್ರತಿ ಪಾಟೀಸವಾಲಿನ ಹಿಂದಿನ ದಿನ ಈಗಲೂ ಊಟ ಸೇರುವುದಿಲ್ಲ. ಹತ್ತು ಗಂಟೆಗೇ ಕೋರ್ಟಿಗೆ ಹೋಗುತ್ತೇನೆ. ಆ ಅಟೆಂಡರ್ ಇನ್ನೂ ಇದ್ದಾನೆ, ಫ್ಯಾನ್ ಹಾಕಿ ಹೊರಗೆ ಹೋಗುತ್ತಾನೆ. ನಾನು ಸಾಕ್ಷಿಕಟ್ಟೆ ಹತ್ತಿ, ಕಂಬಿ ಹಿಡಿದು, ಎದುರಿನ ಖಾಲಿ ಜಾಗವನ್ನು ನೋಡಿ, "ಅರ್ಜಿ ಚೀಲದಲ್ಲಿತ್ತು, ನಾನು ನೋಡಿದ್ದೆ ಎಂದರೆ ಸರಿ" ಅನ್ನುತ್ತೇನೆ. ಮೊದಲ ಸಲ ಮೆತ್ತಗೆ ಬರುತ್ತದೆ. ಎರಡನೇ ಸಲ ಗಟ್ಟಿಯಾಗಿ ಹೇಳುತ್ತೇನೆ, ಛಾವಣಿಗೆ ಬಡಿಯುವ ಹಾಗೆ. ಆಮೇಲೆ ಇಳಿದು ಹೋಗಿ ನನ್ನ ಜಾಗದಲ್ಲಿ ನಿಲ್ಲುತ್ತೇನೆ.